ಇಶ್ಬೆಲ್ ಮುಂದಿನ ಸೀಟಿಗೆ ಬಂದದ್ದು

ಗ್ರೀನಕ್ ಪಟ್ಟಣದ ನಮ್ಮ ಬೀದಿಯಲ್ಲಿ ಇಶ್ಬೆಲ್ ಮತ್ತು ಮರ್ಡೊ ದಂಪತಿ ಒಟ್ಟಿಗೆ ತುಳಿಯುವ ಎರಡು ಸೀಟಿನ ಜೋಡಿ ಸೈಕಲ್ ನೋಡದವರಿರಲಿಲ್ಲ. ಮರ್ಡೊ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದ, ಇಶ್ಬೆಲ್ ಬೇಕರಿಯಲ್ಲಿದ್ದಳು. ಪ್ರತಿ ಮೇ ತಿಂಗಳು ಆ ಉದ್ದನೆಯ ಸೈಕಲ್ಲನ್ನು ಓಬನ್ ಬಂದರಿಗೆ ಹೋಗುವ ರೈಲಿಗೆ ಹೇರಿ, ಅಲ್ಲಿಂದ ಹಡಗು ಹತ್ತಿ, ಮರ್ಡೊ ಹುಟ್ಟಿದ ಟೈರೀ ದ್ವೀಪಕ್ಕೆ ಹೋಗಿಬರುತ್ತಿದ್ದರು. ಮುಂದೆ ಅವನು, ಹಿಂದೆ ಇವಳು. ದಾರಿಯುದ್ದಕ್ಕೂ ಅವನು ಬಾಯಿ ಮುಚ್ಚುತ್ತಿರಲಿಲ್ಲ.

ಆಮೇಲೆ ಮರ್ಡೊನಿಗೆ ಮರೆವಿನ ಕಾಯಿಲೆ ಬಂತು. ಮೊದಲು ಬೀದಿಗಳನ್ನು ಮರೆತ, ನಂತರ ನಮ್ಮನ್ನು, ಕೊನೆಗೆ ಹೆಂಡತಿಯನ್ನೂ. ಸಂಜೆಯಾದರೆ ಕೋಟು ತೊಟ್ಟು ಬಾಗಿಲಲ್ಲಿ ನಿಲ್ಲುವನು.

“ಮನೆಗೆ ಹೋಗ್ಬೇಕು. ಅಮ್ಮ ಕಾಯ್ತಿರ್ತಾಳೆ.”

ಒಂದು ದಿನ ಇಶ್ಬೆಲ್ ಬೇಲಿಯಾಚೆಯಿಂದ ನನ್ನನ್ನು ಕರೆದಳು. “ಅವನನ್ನ ಟೈರೀಗೆ ಕರ್ಕೊಂಡು ಹೋಗ್ತೀನಿ ಕಣೇ. ಸೈಕಲ್ ಮೇಲೇನೆ.”

“ನೀನು ಹ್ಯಾಂಡಲ್ ಹಿಡಿದವಳೇ ಅಲ್ವಲ್ಲೇ!”

“ಕಲೀತೀನಿ. ನೀನು ಹಿಂದೆ ಕೂತ್ಕೋ.”

ಕೂತೆ. ಚರ್ಚಿನ ಪೊದೆಯೊಳಗೆ ಇಬ್ಬರೂ ಬಿದ್ದೆವು. ಪಾದ್ರಿ ಓಡಿ ಬರುವಷ್ಟರಲ್ಲಿ ಅವಳು ಮೈ ಕೊಡವಿಕೊಂಡು ಮತ್ತೆ ಹತ್ತಿದ್ದಳು.

ಮೇ ತಿಂಗಳಲ್ಲಿ ಹೊರಟರು. ನಡೆದದ್ದನ್ನೆಲ್ಲ ಅವಳೇ ಬಂದು ಹೇಳಿದ್ದು.

ಇಡಿಯಾಗಿ ಸೈಕಲ್ ರೈಲಿನಲ್ಲಿ ಹಿಡಿಸುತ್ತಿರಲಿಲ್ಲ. ಮುಂದಿನ ಚಕ್ರ ಬಿಚ್ಚುತ್ತಿದ್ದ ಇಶ್ಬೆಲ್‌ಳನ್ನು ನೋಡಿ ಗಾರ್ಡ್ ನಕ್ಕ. “ಏನಮ್ಮ, ಇದು ಸೈಕಲ್ಲೋ, ಏಣೀನೋ?”

ಮರ್ಡೊನಿಗೆ ಸಿಟ್ಟು ಬಂತು. “ಇದು ನಂದು, ನನ್ನ ಹೆಂಡ್ತೀದು. ಅವಳಿನ್ನೂ ಬಂದಿಲ್ಲ. ಸ್ವಲ್ಪ ಗಾಡಿ ನಿಲ್ಸಪ್ಪ.”

ಕೈಯಲ್ಲಿ ಚಕ್ರ ಹಿಡಿದುಕೊಂಡು ಇಶ್ಬೆಲ್ ಅವನ ಪಕ್ಕದಲ್ಲೇ ನಿಂತಿದ್ದಳು. ಗಾರ್ಡ್ ಅವಳ ಮುಖ ನೋಡಿದ. ಮತ್ತೆ ತಮಾಷೆ ಮಾಡಲಿಲ್ಲ. ಚಕ್ರ ಇಸಿದುಕೊಂಡು, ತಾನೇ ಸೈಕಲ್ಲನ್ನು ಎತ್ತಿ ಒಳಗಿಟ್ಟ.

ಹಡಗಿನಲ್ಲಿ ಇನ್ನೊಂದು ಪೇಚು. ಕಾರುಗಳ ಜೊತೆ ಸೈಕಲ್ಲನ್ನು ಹಗ್ಗದಲ್ಲಿ ಕಟ್ಟಿದ ಮೇಲೆ ಮರ್ಡೊ ಅದನ್ನು ಬಿಟ್ಟು ಮೆಟ್ಟಿಲು ಹತ್ತಲೊಲ್ಲ. ಇಶ್ಬೆಲ್ ಬೇಡಿಕೊಂಡಳು, ಗದರಿದಳು. ಕೊನೆಗೆ ದ್ವೀಪದ ಕಡೆಯ ಖಲಾಸಿಯೊಬ್ಬ ಬಂದು ಅವನೊಂದಿಗೆ ಗೇಲಿಕ್‌ನಲ್ಲಿ ಏನೋ ಅಂದ. ಮರ್ಡೊ ನಗುತ್ತಾ ಅವನ ತೋಳು ಹಿಡಿದು ಮೇಲೆ ಹೋದ. ಗಂಡನ ಮನೆಮಾತನ್ನು ಕಲಿಯದೆ ಹೋದೆನಲ್ಲ ಎಂದು ಇಶ್ಬೆಲ್‌ಗೆ ಆವತ್ತು ಅನಿಸಿದಷ್ಟು ಎಂದೂ ಅನಿಸಿರಲಿಲ್ಲವಂತೆ.

ಮರುದಿನ ಅವನು ಹುಟ್ಟಿದ ಮನೆಗೆ ಸೈಕಲ್ ತುಳಿದರು. ಬೇರೆ ಯಾರೋ ಅಲ್ಲಿ ಸಂಸಾರ ಹೂಡಿದ್ದರು. ಅಂಗಳದಲ್ಲಿ ಮಕ್ಕಳ ಬಟ್ಟೆ ಒಣಗುತ್ತಿತ್ತು. ಮರ್ಡೊ ಬಹಳ ಹೊತ್ತು ನೋಡಿದ.

“ಇದಲ್ಲ. ಹೋಗೋಣ.”

ಹಿಂತಿರುಗುವಾಗ ಹಿಂದಿನ ಸೀಟಿನಿಂದ ಕೇಳಿದ. “ನೀವು ಚೆನ್ನಾಗಿ ಓಡಿಸ್ತೀರಿ. ಮದ್ವೆ ಆಗಿದೆಯಾ?”

“ಆಗಿದೆ.”

“ಹಿಂಗೆ ಬೇರೆಯವ್ರ ಜೊತೆ ಸುತ್ತಿದ್ರೆ ಯಜಮಾನ್ರು ಏನೂ ಅನ್ನಲ್ವಾ?”

“ಈಗ ಜೊತೇಲಿಲ್ಲ ಅವ್ರು,” ಅಂದಳು ಇಶ್ಬೆಲ್. “ಇದ್ದಾಗ ತುಂಬಾ ಮಾತಾಡೋರು.”

“ಪಾಪ,” ಅಂದ ಮರ್ಡೊ.

ಅಷ್ಟರಲ್ಲಿ ರಸ್ತೆ ತಿರುಗಿತು. ಟೈರೀ ಗಾಳಿ ಬೆನ್ನಿಗೆ ಬಿತ್ತು. ಸೈಕಲ್ ಹಾರಿದಂತೆ ಓಡತೊಡಗಿತು. ಹೆದರಿ ಇಶ್ಬೆಲ್ ಬ್ರೇಕಿಗೆ ಕೈ ಹಾಕಿದಳು.

“ಇಶ್ಬೆಲ್! ಬ್ರೇಕ್ ಹಿಡೀಬೇಡ ಕಣೇ, ಹೆದರುಪುಕ್ಲಿ! ಬಿಡು!”

ಅದೇ ಹಳೆಯ ದನಿ. ಅವಳು ತಿರುಗುವಂತಿರಲಿಲ್ಲ. ತಿರುಗಿದರೆ ಇಬ್ಬರೂ ಚರಂಡಿಗೆ. ಅವನ ಮುಖ ನೋಡುವ ಆಸೆಯಲ್ಲಿ ಬ್ರೇಕ್ ಒತ್ತಿ, ಸೈಕಲ್ ನಿಲ್ಲಿಸಿ, ಇಳಿದು ನೋಡಿದಳು. ಮರ್ಡೊ ಕುರಿಗಳ ಕಡೆ ನೋಡುತ್ತಿದ್ದ. “ಯಾಕೆ ನಿಲ್ಸಿದ್ರಿ?” ಎಂದು ಮರ್ಯಾದೆಯಿಂದ ಕೇಳಿದ.

“ನಿಲ್ಲಿಸ್ಬಾರದಾಗಿತ್ತು ಕಣೇ,” ಎಂದು ಇಶ್ಬೆಲ್ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. “ಇನ್ನೊಂದಿಷ್ಟು ದೂರ ಬೈತಾ ಬರ್ತಿದ್ನೋ ಏನೋ.”

ಈಗ ಮರ್ಡೊ ಆರೈಕೆಯ ಮನೆಯಲ್ಲಿದ್ದಾನೆ. ಭಾನುವಾರ ಇಶ್ಬೆಲ್ ಸೈಕಲ್ ತಳ್ಳಿಕೊಂಡು ಅಲ್ಲಿಗೆ ಹೋಗಿ, ಅವನನ್ನು ಹಿಂದೆ ಕೂರಿಸಿಕೊಂಡು ನದಿಯ ದಂಡೆಯಲ್ಲಿ ಒಂದು ಸುತ್ತು ಬರುತ್ತಾಳೆ. ಅವಳು ಮರಳಿದಾಗ ನಾನು ಚಹಾ ಬಸಿಯುತ್ತಾ ಕೇಳುತ್ತೇನೆ.

“ಹೆಸರು ಹಿಡಿದು ಕರೆದ್ನಾ?”

“ಇಲ್ಲ ಕಣೇ. ಆದ್ರೆ ಚೆನ್ನಾಗಿ ತುಳಿದ.”