ಉಸಿರು ಕಟ್ಟಿ ಇಳಿಯುತ್ತಿದ್ದ ಚಿಕ್ಕಪ್ಪ

ಬಾವಿಯಿಂದ ಮೇಲೆ ಬಂದ ಕೂಡಲೇ ನಮ್ಮ ಚಿಕ್ಕಪ್ಪ ಮೊದಲು ಮಾಡುತ್ತಿದ್ದ ಕೆಲಸ ಮೀಸೆ ಹಿಂಡುವುದು. ಒದ್ದೆ ಪಂಚೆ ಹಿಂಡುವವರ ಹಾಗೆ ಎರಡೂ ತುದಿಗಳನ್ನು ಬೆರಳಲ್ಲಿ ಹಿಡಿದು ತಿರುಚಿ, ನೀರು ಗಲ್ಲದಿಂದ ತೊಟ್ಟಿಕ್ಕುವವರೆಗೆ ಹಿಂಡುತ್ತಿದ್ದರು. ಅದಾದ ಮೇಲೇ ಮಾತು. ಆ ಮಾತು ಹೆಚ್ಚಿನ ಸಲ ಬೈಗುಳವೇ ಆಗಿರುತ್ತಿತ್ತು. ಬಾವಿಗೆ ಕಟ್ಟೆ ಕಟ್ಟಿಸದ ತೋಟದ ಯಜಮಾನನಿಗೆ, ಮೇಲೆ ನಿಂತು ಫೋನಿನಲ್ಲಿ ವಿಡಿಯೊ ಹಿಡಿಯುವವರಿಗೆ, ಎಲ್ಲ ಮುಗಿದ ಮೇಲೆ ಜೀಪಿನಿಂದ ಇಳಿಯುವ ಸಾಹೇಬರಿಗೆ.

ಅಪ್ಪನ ತಮ್ಮ ಅವರು. ನಮ್ಮದು ತಲೆಮಾರುಗಳಿಂದ ಕೊಯಮತ್ತೂರಿನ ಕಡೆಯಲ್ಲೇ ಬೇರೂರಿದ ಒಕ್ಕಲು ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಚಾಮರಾಜನಗರದ ಕಡೆಯಿಂದ ಸೊಸೆಯಾಗಿ ಬಂದ ಅಮ್ಮ ನನಗೆ ಕನ್ನಡದ ಅಕ್ಷರ ಕಲಿಸಿದಳು. ಚಿಕ್ಕಪ್ಪನಿಗೆ ಆ ಅಕ್ಷರ ಬರುತ್ತಿರಲಿಲ್ಲ. ಅವರು ಬದುಕಿದ್ದಿದ್ದರೂ ನಾನು ಬರೆಯುತ್ತಿರುವ ಇದನ್ನು ಓದುತ್ತಿರಲಿಲ್ಲ. ಓದಿಸಿ ಕೇಳಿಸಿಕೊಂಡು, ಇನ್ನೂ ಖಾರವಾಗಿ ಬರೆಯಬೇಕಿತ್ತು ಎನ್ನುತ್ತಿದ್ದರು.

ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಅವರದೊಂದು ಪಂಪು ರಿಪೇರಿ ಶೆಡ್ಡು. ಹಗ್ಗ ಹರಿದು ಬಾವಿಗೆ ಬಿದ್ದ ಮೋಟಾರುಗಳನ್ನು ಮುಳುಗಿ ಎತ್ತಿಕೊಡುವುದು ಮೊದಮೊದಲು ವ್ಯಾಪಾರದ ಭಾಗವಾಗಿತ್ತು. ಮೋಟಾರು ಎತ್ತುವವನು ಮನುಷ್ಯರನ್ನೂ ಎತ್ತಬಲ್ಲ ಎಂದು ಯಾರಿಗೋ ಹೊಳೆಯಿತು. ಆಮೇಲೆ ಬಾವಿಗೆ ಬಿದ್ದವರು, ಕಲ್ಲು ಕ್ವಾರಿಯ ನೀರಿನಲ್ಲಿ ಮುಳುಗಿದವರು, ಕಾಲುವೆಯಲ್ಲಿ ಕೊಚ್ಚಿಹೋದವರು, ಎಲ್ಲರಿಗೂ ಚಿಕ್ಕಪ್ಪನೇ. ಪೊಲೀಸರೂ ಅವರಿಗೇ ಫೋನು ಮಾಡುತ್ತಿದ್ದರು. ಅವರು ಸೊಂಟಕ್ಕೆ ಹಗ್ಗ ಕಟ್ಟಿ, ಒಂದು ದೀರ್ಘ ಉಸಿರೆಳೆದು, ಚಡ್ಡಿಯಲ್ಲೇ ಇಳಿಯುತ್ತಿದ್ದರು. ಕಣ್ಣಿಗೆ ಏನೂ ಇಲ್ಲ, ಕಿವಿಗೆ ಏನೂ ಇಲ್ಲ. ಕೆಸರು ನೀರಿನಲ್ಲಿ ಕೈಯಿಂದಲೇ ಹುಡುಕುವುದು.

"ಬಿದ್ದೋನು ಒಬ್ಬ, ನೋಡೋಕೆ ನೂರು ಜನ. ಒಬ್ಬನ ಕೈಯಲ್ಲಾದ್ರೂ ಹಗ್ಗ ಇದೆಯಾ ನೋಡು, ಕಣ್ಣು," ಎಂದು ನನಗೆ ಹೇಳುತ್ತಿದ್ದರು. ನಮ್ಮ ಕಡೆ ಮಕ್ಕಳನ್ನು ಮುದ್ದಿಗೆ ಕಣ್ಣು ಎಂದೋ ಸಾಮಿ ಎಂದೋ ಕರೆಯುವುದು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನನ್ನನ್ನು ತೋಟದ ಬಾವಿಗೆ ತಳ್ಳಿ ಈಜು ಕಲಿಸಿದವರೂ ಅವರೇ. ಹೆಣ್ಣುಮಗುವಿಗೆ ಯಾಕೆ ಎಂದು ಅಜ್ಜಿ ಕೂಗಾಡಿದಾಗ, "ಬಾವಿಗೆ ಗಂಡು ಹೆಣ್ಣು ಗೊತ್ತಾಗ್ತದಾ?" ಎಂದು ಅದಕ್ಕಿಂತ ಜೋರಾಗಿ ಕೂಗಿದ್ದರಂತೆ.

ವರ್ಷಕ್ಕೊಮ್ಮೆ ಯಾವುದಾದರೂ ಸಂಘದವರು ಅವರನ್ನು ವೇದಿಕೆ ಹತ್ತಿಸಿ ಶಾಲು ಹೊದಿಸುತ್ತಿದ್ದರು. ಆ ಶಾಲುಗಳನ್ನೆಲ್ಲ ಅವರು ರಿಪೇರಿಯಾದ ಮೋಟಾರುಗಳಿಗೆ ಧೂಳು ಕೂರದಂತೆ ಸುತ್ತಿಡುತ್ತಿದ್ದರು. "ಇದನ್ನ ಹೊದ್ಕೊಂಡು ಕ್ವಾರಿಗೆ ಇಳೀಲಾ? ಕೇಳಿ ಅವರನ್ನ."

ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಒಮ್ಮೆ ಜೊತೆಯ ಹುಡುಗಿಯರೆಲ್ಲ ಸೇರಿ ಪುದುಚೇರಿಗೆ ಪ್ರವಾಸ ಹೋದಾಗ ಅಲ್ಲಿ ಸ್ಕೂಬಾ ಮಾಡಿಸಿದರು. ಹುಚ್ಚು ಹತ್ತಿ, ಮತ್ತೆ ರಜೆ ಹಾಕಿ ಹೋಗಿ ಪೂರ್ತಿ ಕೋರ್ಸು ಮುಗಿಸಿ ಬಂದೆ. ಬಂದ ವಾರದಲ್ಲೇ ಒಂದು ಮಧ್ಯಾಹ್ನ ಚಿಕ್ಕಮ್ಮನ ಫೋನು. ಕ್ವಾರಿಯಲ್ಲಿ ಕಾಲೇಜು ಹುಡುಗನೊಬ್ಬ ಮುಳುಗಿದ್ದಾನೆ, ಚಿಕ್ಕಪ್ಪ ಬೆಳಿಗ್ಗೆಯಿಂದ ಊಟ ಮಾಡದೆ ಅಲ್ಲೇ ಇದ್ದಾರೆ, ನೀನಾದರೂ ಹೋಗಿ ಕರೆದುಕೊಂಡು ಬಾ ಎಂದು.

ನಾನು ಹೋದಾಗ ಅವರು ಮತ್ತೆ ಮತ್ತೆ ಮುಳುಗಿ ಬರಿಗೈಲಿ ಏಳುತ್ತಿದ್ದರು. ಕ್ವಾರಿಯ ನೀರು ಹಸಿರಾಗಿ, ತಣ್ಣಗೆ, ತಳ ಕಾಣದಂತಿತ್ತು. ದಡದಲ್ಲಿ ಹುಡುಗನ ತಾಯಿ ಮಣ್ಣಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಅಧಿಕಾರಿ ಕೊಡೆಯ ನೆರಳಿನಲ್ಲಿ ನಿಂತಿದ್ದರು. ಚಿಕ್ಕಪ್ಪ ದಡಕ್ಕೆ ಬಂದು ಕಲ್ಲು ಹಿಡಿದು ಏದುಸಿರು ಬಿಡುವಾಗ ಬಲಗಿವಿಯಿಂದ ರಕ್ತ ಇಳಿಯುತ್ತಿತ್ತು.

"ಸರ್, ರಕ್ತ ಬರ್ತಿದೆ," ಎಂದೆ ನಾನು ತಮಿಳಿನಲ್ಲಿ.

ಅಧಿಕಾರಿ ನೋಡಿದರು. "ಅಣ್ಣಾ, ಇನ್ನೊಂದೇ ಸಲ ನೋಡಿಬಿಡಿಂಗಣ್ಣಾ. ಕತ್ತಲಾದರೆ ಕಷ್ಟ," ಎಂದರು, ನಮ್ಮ ಕಡೆಯ ಮರ್ಯಾದೆಯ ‘ಇಂಗ’ ಸೇರಿಸಿ, ಬಹಳ ವಿನಯದಿಂದ.

ಚಿಕ್ಕಪ್ಪ ಇಳಿದರು. ಆ ಸಲ ಹುಡುಗ ಸಿಕ್ಕಿದ.

ಅವತ್ತಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕಡಲಲ್ಲಿ ಬಣ್ಣದ ಮೀನು ನೋಡಲು ಹೋದ ನನಗೆ ಮುಖಕ್ಕೆ ಮಾಸ್ಕು, ಕಾಲಿಗೆ ಫಿನ್ಸು, ಬೆನ್ನಿಗೆ ಸಿಲಿಂಡರು, ಪಕ್ಕದಲ್ಲಿ ಕೈಹಿಡಿದುಕೊಳ್ಳಲು ಒಬ್ಬ ಮನುಷ್ಯ. ಕ್ವಾರಿಯ ತಳದಿಂದ ಇನ್ನೊಬ್ಬರ ಮಗನನ್ನು ಹುಡುಕಿ ತರಲು ಹೋದ ನನ್ನ ಚಿಕ್ಕಪ್ಪನಿಗೆ ಒಂದು ಕನ್ನಡಕವೂ ಇಲ್ಲ. ಇದನ್ನು ಆ ಅಧಿಕಾರಿಗೆ ಅಲ್ಲೇ ಹೇಳಿದೆ. ಸಲಕರಣೆ ಬೇಕೆಂದು ಮೇಲಕ್ಕೆ ಬರೆದಿದ್ದೇವೆ, ಬರುತ್ತದೆ ಎಂದರು. ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂದು ಕೇಳುವಷ್ಟರಲ್ಲಿ ಜೀಪು ಹತ್ತಿದ್ದರು.

ನಾವೇ ಕೊಳ್ಳೋಣ ಎಂದು ನಾನು ಹೇಳಿದಾಗ ಚಿಕ್ಕಪ್ಪ ಮೊದಲು ನನ್ನ ಮೇಲೇ ಹಾರಿದರು. "ಅವರು ಕೊಡಬೇಕಾದ್ದನ್ನ ನಾವು ಕೊಳ್ಳೋದಾ? ಕೊಂಡುಬಿಟ್ರೆ ಅವರು ನಿಶ್ಚಿಂತೆಯಾಗಿ ಮಲಗ್ತಾರೆ." ಮಾತು ಸರಿಯೇ. ಆದರೆ ಮುಂದಿನ ಫೋನು ಬಂದಾಗ ಇವರು ಇಳಿಯದೆ ಇರುವವರಲ್ಲ. ಚಿಕ್ಕಮ್ಮ ತನ್ನ ಚೀಟಿಯ ಹಣ ತಂದು ನನ್ನ ಮುಂದೆ ಇಟ್ಟು, "ಇವರ ಮಾತು ಕೇಳಬೇಡ ಸಾಮಿ, ಏನು ಬೇಕೋ ನೋಡು," ಎಂದಳು.

ನನಗೆ ಕಲಿಸಿದ ಪುದುಚೇರಿಯ ಮೇಷ್ಟ್ರು ಫೋನಿನಲ್ಲಿ ದಾರಿ ಹೇಳಿದರು. ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ಸಿಲಿಂಡರು, ತೇಲಿಸುವ ಜಾಕೆಟ್ಟು ಬಾಡಿಗೆಗೆ ತನ್ನಿ. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕು ಮೊದಲು, ಆಮೇಲೆ ಫಿನ್ಸು. ಗಾಳಿ ಎಳೆಯುವ ರೆಗ್ಯುಲೇಟರು ಹಳೆಯದಾದರೂ ಪರವಾಗಿಲ್ಲ, ಆದರೆ ಸರ್ವಿಸ್ ಆಗಿರಬೇಕು; ಅದರಲ್ಲಿ ಮಾತ್ರ ಜಿಪುಣತನ ಬೇಡ.

ಗೊಣಗುತ್ತಿದ್ದ ಚಿಕ್ಕಪ್ಪನನ್ನೂ ಎಳೆದುಕೊಂಡು ಗಾಂಧಿಪುರದ ಒಂದು ಕ್ರೀಡಾ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಹೊಳೆಯುವ ಡಬ್ಬಿಯೊಂದನ್ನು ತೆರೆದು, "ಫುಲ್ ಸೆಟ್ಟುಂಗಣ್ಣಾ, ಡೈವಿಂಗ್ ಸೆಟ್ಟು, ಆಫರ್‌ನಲ್ಲಿದೆ," ಎಂದ. ಪ್ಲಾಸ್ಟಿಕ್ಕಿನ ಮಾಸ್ಕು, ಒಂದು ಕೊಳವೆ, ಬಾತುಕೋಳಿಯ ಪಾದದಂಥ ಹಳದಿ ಫಿನ್ಸು. ಡಬ್ಬಿಯ ಮೇಲೆ ಈಜುಕೊಳದಲ್ಲಿ ನಗುವ ಮಗುವಿನ ಚಿತ್ರ.

"ಇದನ್ನ ಹಾಕ್ಕೊಂಡು ಎಷ್ಟು ಆಳಕ್ಕೆ ಹೋಗಬಹುದು?" ಎಂದು ಚಿಕ್ಕಪ್ಪ ಕೇಳಿದರು.

"ನೀವು ಎಷ್ಟು ಬೇಕಾದರೂ ಹೋಗಿಂಗಣ್ಣಾ!"

"ಹೋಗ್ತೀನಿ. ಮೇಲೆ ಬರೋದಕ್ಕೆ ನಿನ್ನ ಹತ್ರ ಏನಿದೆ?"

ಅವನ ಮುಖದ ನಗು ಆರಿತು. ಇಂಥದ್ದನ್ನು ಡೈವಿಂಗ್ ಸೆಟ್ಟು ಎಂದು ಮಾರುತ್ತೀಯಲ್ಲ, ನಂಬಿ ಯಾರಾದರೂ ಮಗನಿಗೆ ಕೊಡಿಸಿ ಕ್ವಾರಿಗೆ ಕಳಿಸಿದರೆ ಎತ್ತಲು ನನ್ನನ್ನೇ ಕರೆಯುತ್ತಾರೆ ಎಂದು ಬೀದಿಗೆ ಕೇಳುವಂತೆ ಕೂಗಿ ಹೊರಗೆ ಬಂದರು.

ವಿಷಯ ತಿಳಿದು, ಶಾಲು ಹೊದಿಸುವ ಸಂಘವೊಂದರ ಅಧ್ಯಕ್ಷರು ಮನೆಗೇ ಬಂದರು. ರೆಗ್ಯುಲೇಟರನ್ನು ತಾವು ಕೊಡಿಸುವುದಾಗಿಯೂ, ಅದರ ಮೇಲೂ ಜಾಕೆಟ್ಟಿನ ಮೇಲೂ ಸಂಘದ ಹೆಸರು ದೊಡ್ಡದಾಗಿ ಬರೆಸಬೇಕೆಂದೂ ಹೇಳಿದರು. ಅಲ್ಲಿಯವರೆಗೆ ಚಿಕ್ಕಪ್ಪ ತಾಳಿಕೊಂಡರು. ಸಿಲಿಂಡರಿಗೆ ಗಾಳಿ ತುಂಬಿಸಲು ಪುದುಚೇರಿಯವರೆಗೆ ಯಾಕೆ ಹೋಗುತ್ತೀರಿ, ನಮ್ಮ ವರ್ಕ್‌ಶಾಪಿನ ಕಂಪ್ರೆಸರಿದೆ, ದಿನಾ ಟೈರಿಗೆ ತುಂಬುವುದಿಲ್ಲವೇ ಎಂದು ಅಧ್ಯಕ್ಷರು ಮುಂದುವರಿಸಿದರು. ಆ ಎಣ್ಣೆಯ ಗಾಳಿ ನೀರಿನಡಿಯಲ್ಲಿ ವಿಷವಾಗುತ್ತದೆ ಎಂದು ನಾನು ವಿವರಿಸಲು ಹೊರಟೆ.

"ನಾನು ಟೈರಾ?" ಎಂದರು ಚಿಕ್ಕಪ್ಪ, ಎದ್ದು ನಿಂತು. ಅಧ್ಯಕ್ಷರು ಕಾಫಿ ಅರ್ಧಕ್ಕೆ ಬಿಟ್ಟು ಹೋದರು.

ಕೊನೆಗೆ ಮೇಷ್ಟ್ರೇ ಪುದುಚೇರಿಯಿಂದ ನಾಲ್ಕಾರು ಮಾಸ್ಕು ಕಳಿಸಿ, ಒಂದನ್ನು ಇಟ್ಟುಕೊಂಡು ಉಳಿದದ್ದು ಹಿಂದಿರುಗಿಸಿ ಎಂದರು. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದರೆ ಅದು ಅಂಟಿ ನಿಲ್ಲಬೇಕು. ಚಿಕ್ಕಪ್ಪನ ಮುಖದಿಂದ ಒಂದೊಂದೂ ಕಳಚಿ ತೊಡೆಯ ಮೇಲೆ ಬಿತ್ತು. ಮೂಗಿನ ಕೆಳಗೆ ಗಾಳಿ ನುಗ್ಗುತ್ತಿತ್ತು.

"ಮೀಸೆ," ಎಂದೆ ಮೆಲ್ಲಗೆ.

"ಮಾಸ್ಕು ಸರಿ ಇಲ್ಲ," ಎಂದರು ಅವರು.

ಎರಡು ದಿನ ನಮ್ಮ ಮನೆಯಲ್ಲಿ ಇದೇ ಜಗಳ. ಮೂರನೆಯ ದಿನ ಅವರು ಯಾರಿಗೂ ಹೇಳದೆ ಹೋಗಿ ಬೋಳಿಸಿಕೊಂಡು ಬಂದರು. ಚಿಕ್ಕಮ್ಮ ಬಾಗಿಲು ತೆರೆದವಳು ಒಂದು ಗಳಿಗೆ ಗುರುತು ಸಿಗದೆ ನಿಂತು, ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು, ನಗುತ್ತಲೇ ಅತ್ತಳು. ಮಾಸ್ಕು ಅಂಟಿ ನಿಂತಿತು. ಬೋಳು ಮೂತಿಯಲ್ಲಿ ಅವರು ನಮ್ಮನ್ನೆಲ್ಲ ಗೆದ್ದವರಂತೆ ನೋಡಿದರು.

ಚಿಕ್ಕಪ್ಪ ಸಿಲಿಂಡರು ಕಟ್ಟಿ ಇಳಿಯುವ ತರಬೇತಿಗೆ ಸೇರಲು ವೈದ್ಯರ ಒಪ್ಪಿಗೆ ಬೇಕಿತ್ತು. ಆರ್.ಎಸ್. ಪುರದ ಕಿವಿ ಡಾಕ್ಟರಮ್ಮ ದೀಪ ಬಿಟ್ಟು ನೋಡಿದರು, ಮತ್ತೆ ನೋಡಿದರು.

"ಬಲಗಿವಿಯ ತಮಟೆ ಹರಿದಿದೆ. ಎಡಗಿವಿಯದೂ ಹಿಂದೆ ಹರಿದು ಕೂಡಿಕೊಂಡಿದೆ. ತಣ್ಣೀರು ಒಳಗೆ ಹೋದರೆ ತಲೆ ಸುತ್ತುತ್ತದೆ. ನೀರಿನಡಿಯಲ್ಲಿ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ನಾನು ಒಪ್ಪಿಗೆ ಕೊಡಲಾರೆ."

"ಸಿಲಿಂಡರು ಇಲ್ಲದೆ?" ಎಂದರು ಚಿಕ್ಕಪ್ಪ.

"ಇಲ್ಲದೆಯೂ ಬೇಡ. ಇಷ್ಟು ವರ್ಷ ನಿಮ್ಮನ್ನು ಇಳಿಸಿದ್ದು ಯಾರು?"

ಅಷ್ಟು ವರ್ಷಗಳಲ್ಲಿ ಅವರನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಚಿಕ್ಕಪ್ಪ ಆ ಡಾಕ್ಟರಮ್ಮನ ಮೇಲೂ ರೇಗಿದರು. ನಿನ್ನೆ ಓದಿ ಬಂದವಳು ನೀನು, ನನಗೆ ನೀರು ಗೊತ್ತಿಲ್ಲವಾ ಎಂದರು. ಆಕೆ ಕೋಪಿಸಿಕೊಳ್ಳಲಿಲ್ಲ. "ನೀರು ನಿಮಗೆ ಗೊತ್ತು, ಅಯ್ಯಾ. ಕಿವಿ ನನಗೆ ಗೊತ್ತು," ಎಂದರು. ಚಿಕ್ಕಪ್ಪ ತಪ್ಪು, ಆಕೆ ಸರಿ. ಅದು ಚಿಕ್ಕಪ್ಪನಿಗೂ ಗೊತ್ತಾಗಿತ್ತು. ಹೊರಗೆ ಬಂದು ಮರದ ಕೆಳಗೆ ಸ್ಕೂಟರಿನ ಮೇಲೆ ಕೂತು, ಬೋಳಿಸಿದ ಮೇಲ್ತುಟಿಯ ಮೇಲೆ ಮತ್ತೆ ಮತ್ತೆ ಬೆರಳಾಡಿಸಿದರು. 

"ಆ ಮಾಸ್ಕು ನಿನ್ನ ಮುಖಕ್ಕೆ ಕೂರ್ತದಾ?" ಎಂದರು ಕೊನೆಗೆ.

"ಚಿಕ್ಕಪ್ಪಾ..."

"ಕೂರ್ತದಾ ಇಲ್ವಾ?"

ಕೂರಲಿಲ್ಲ, ನನ್ನದು ಚಿಕ್ಕ ಮುಖ. ಅದನ್ನು ಕೊಟ್ಟು ಬೇರೆ ತರಿಸಿದೆವು. ಫಿನ್ಸು ನನ್ನ ಪಾದದ ಅಳತೆಗೆ, ಸೂಟು ನನ್ನ ಮೈಯ ಅಳತೆಗೆ, ಜೊತೆಗೆ ಸರ್ವಿಸ್ ಆದ ಒಂದು ಹಳೆಯ ರೆಗ್ಯುಲೇಟರು. ಹೀಗೆ ಅವರಿಗೆಂದು ಹೊರಟ ಸೆಟ್ಟು ನನ್ನದಾಯಿತು. ನಾನು ರಜೆಗಳನ್ನೆಲ್ಲ ಸುರಿದು ಮುಂದಿನ ತರಬೇತಿಗಳನ್ನು ಮುಗಿಸಿದೆ. ಕಣ್ಣು ಕಾಣದ ನೀರಿನಲ್ಲಿ ಹುಡುಕುವುದನ್ನು ಕಲಿತೆ. ಮದುವೆಯಾಗಬೇಕಾದ ಹುಡುಗಿಯನ್ನು ಹೆಣ ಎತ್ತಲು ಕಳಿಸುತ್ತಾರಾ ಎಂದು ನೆಂಟರು ಕೇಳಿದರು. "ನಿಮ್ಮ ಮನೆ ಗಂಡಸರನ್ನ ಕಳಿಸಿ, ಇವಳನ್ನ ನಿಲ್ಲಿಸ್ತೀನಿ," ಎಂದರು ಚಿಕ್ಕಪ್ಪ. ಯಾರೂ ಕಳಿಸಲಿಲ್ಲ.

ನಾನು ಮೊದಲ ಸಲ ಇಳಿದದ್ದು ಒಂದು ತೋಟದ ಬಾವಿಗೆ. ಹಿಂದಿನ ದಿನ ಹುಲ್ಲು ಕೊಯ್ಯುವಾಗ ಕಾಲು ಜಾರಿ ಬಿದ್ದ ಒಬ್ಬ ತಾಯಿ. ಹೆಂಗಸು ಬಾವಿಗಿಳಿಯಬಾರದು ಎಂದು ತೋಟದವರು ತಕರಾರು ತೆಗೆದರು. "ಒಳಗಿರೋದೂ ಹೆಂಗಸೇ!" ಎಂದು ಚಿಕ್ಕಪ್ಪ ಗುಡುಗಿ, ಹಗ್ಗ ನನ್ನ ಸೊಂಟಕ್ಕೆ ತಾವೇ ಕಟ್ಟಿದರು. ಕತ್ತಲ ನೀರಿನಲ್ಲಿ ನನ್ನ ಕೈಗೆ ಆಕೆಯ ಕೈ ಸಿಕ್ಕಾಗ, ಹಗ್ಗದ ಇನ್ನೊಂದು ತುದಿಯಲ್ಲಿ ಅವರಿದ್ದಾರೆ ಎಂಬುದೊಂದೇ ನನಗೆ ಧೈರ್ಯ. ಮೇಲೆ ಬಂದು ನಾನು ವಾಂತಿ ಮಾಡಿಕೊಂಡೆ. ಅವರು ನನ್ನ ತಲೆ ಒರೆಸುತ್ತಾ, "ನನಗೂ ಮೊದಲ ಸಲ ಹೀಗೇ ಆಯ್ತು, ಕಣ್ಣು," ಎಂದರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ.

ಕಳೆದ ಮಾರ್ಗಳಿ ತಿಂಗಳ ಚಳಿಯಲ್ಲಿ ಅವರಿಗೆ ನ್ಯುಮೋನಿಯಾ ಹಿಡಿಯಿತು. ನೀರಿನಡಿಯಲ್ಲಿ ಅಷ್ಟು ಹೊತ್ತು ಉಸಿರು ಕಟ್ಟುತ್ತಿದ್ದ ಮನುಷ್ಯ ಆಸ್ಪತ್ರೆಯ ಮಂಚದ ಮೇಲೆ ಉಸಿರಿಗೆ ಒದ್ದಾಡಿದರು. ಆಗಲೂ ಸಿಟ್ಟು. ನನ್ನ ಮಣಿಕಟ್ಟು ಹಿಡಿದು ಹೇಳಿದರು: "ಹಗ್ಗ ಹಿಡಿಯೋಕೆ ನಾನಿರಲ್ಲ. ಜೊತೆಗೆ ಇನ್ನೊಬ್ಬ ಬರೋ ತನಕ ಇಳೀಬೇಡ. ಯಾರು ಅತ್ರೂ ಇಳೀಬೇಡ. ನಾನು ಇಳಿದು ಇಳಿದೇ ಆ ಸಾಹೇಬರನ್ನೆಲ್ಲ ಕೆಡಿಸಿದೆ." ಎರಡು ದಿನದ ಮೇಲೆ ಹೋಗಿಬಿಟ್ಟರು.

ತಿಂಗಳಾಗುವುದರೊಳಗೆ ಅದೇ ಕ್ವಾರಿಯಿಂದ ಫೋನು ಬಂತು. ಹಿಂದಿನ ಸಂಜೆ ಮುಳುಗಿದವನು. ಬದುಕಿರುವ ಆಸೆ ಯಾರಿಗೂ ಇರಲಿಲ್ಲ. ನಾನು ಸೆಟ್ಟು ತೆಗೆದುಕೊಂಡು ಹೋದೆ. ಕೊಡೆ ಹಿಡಿದ ಅಧಿಕಾರಿ ಬೇರೆಯವರು, ಮಾತು ಅದೇ: ನೀವು ಇಳಿಯಿರಿ ಮೇಡಂ, ನಮ್ಮ ರಕ್ಷಣಾ ತಂಡ ಹೊರಟಿದೆ. ನಾನು ಇಳಿಯುವುದಿಲ್ಲ ಎಂದೆ. ನನ್ನ ಜೊತೆ ತರಬೇತಿ ಪಡೆದ ಒಬ್ಬರು ಈರೋಡಿನಿಂದ ತಮ್ಮ ಸೆಟ್ಟು ತರುತ್ತಿದ್ದಾರೆ, ಅವರು ಬರಲಿ, ಅಷ್ಟರಲ್ಲಿ ಒಂದು ಆಂಬುಲೆನ್ಸು ಇಲ್ಲಿ ನಿಲ್ಲಲಿ, ಹಗ್ಗ ಹಿಡಿಯಲು ನಿಮ್ಮವರೇ ಬರಲಿ ಎಂದೆ.

ಬಿಸಿಲು ಏರಿತು. ಸತ್ತವನ ಅಣ್ಣ ನನ್ನ ಕಾಲು ಹಿಡಿಯಲು ಬಂದ. ಹೆಂಗಸರು ಗೋಳಾಡಿದರು. ಯಾರೋ ನನಗೆ ಕೇಳುವಂತೆಯೇ ಅಂದರು: "ಇವಳ ಚಿಕ್ಕಪ್ಪ ಇದ್ದಿದ್ದರೆ ಇಷ್ಟು ಹೊತ್ತಿಗೆ ಎತ್ತಿರೋರು."

"ಆಮಾ, ಹೌದು, ಎತ್ತಿರೋರು," ಎಂದೆ. ನನ್ನ ಗಂಟಲು ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. "ಅದಕ್ಕೇ ಇವತ್ತಿಗೂ ನಿಮ್ಮ ಯಾರ ಹತ್ತಿರವೂ ಒಂದು ಹಗ್ಗವೂ ಇಲ್ಲ, ಒಂದು ಮಾಸ್ಕೂ ಇಲ್ಲ."

 ಅಧಿಕಾರಿ ದೂರ ಹೋಗಿ ಫೋನು ಹಚ್ಚಿದರು. ಆಂಬುಲೆನ್ಸು ಬಂತು. ಇಬ್ಬರು ಪೊಲೀಸರು ಬೂಟು ಕಳಚಿ ಹಗ್ಗ ಹಿಡಿಯಲು ಬಂದರು. ಹೇಗೆ ಹಿಡಿಯಬೇಕೆಂದು ನಾನು ತೋರಿಸಿದೆ. ಮಧ್ಯಾಹ್ನದ ಹೊತ್ತಿಗೆ ಈರೋಡಿನವರು ಬಂದಿಳಿದರು. ಒಬ್ಬರ ರೆಗ್ಯುಲೇಟರನ್ನು ಇನ್ನೊಬ್ಬರು ಪರೀಕ್ಷಿಸಿಕೊಂಡೆವು. ಆಮೇಲೆ ಇಬ್ಬರೂ ಒಟ್ಟಿಗೆ ಇಳಿದೆವು.