ನೆಟಿಗೆ ಬೇಡ ಅಂದಾಗ

ಕಟಿಂಗ್ ಮುಗಿಸಿದ ಶಿವಣ್ಣ ಎಂದಿನಂತೆ ಒಂದು ಕೈಯಲ್ಲಿ ನನ್ನ ಗಲ್ಲ, ಇನ್ನೊಂದರಲ್ಲಿ ನೆತ್ತಿ ಹಿಡಿದು ಕತ್ತಿನ ನೆಟಿಗೆ ತೆಗೆಯಲು ಸಿದ್ಧರಾದರು. ನಾನು ಅವರ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಚಂದ್ರಾ ಲೇಔಟಿನ ಆ ಸಲೂನಿನಲ್ಲಿ ನೆಟಿಗೆ ಬೇಡವೆಂದ ಮೊದಲ ಗಿರಾಕಿ ನಾನೇ ಇರಬೇಕು.

ಕತ್ತಿನ ಡಿಸ್ಕ್ ಜಾರಿ ನರ ಒತ್ತಿ ನನ್ನ ಎಡಗೈ ಜೋಮು ಹಿಡಿದಿತ್ತು. ಹೋದ ತಿಂಗಳು ಆಸ್ಪತ್ರೆಯಲ್ಲಿ ಸೂಜಿಯಂಥ ಕೊಳವೆ ತೂರಿಸಿ ಸರಿಮಾಡಿದ್ದರು. ಮಾರನೇ ದಿನವೇ ಮನೆಗೆ ಬಂದಿದ್ದೆ. ಅದನ್ನೆಲ್ಲ ಹೇಳಿ ಗಂಟಲ ಪಕ್ಕದ ಚುಕ್ಕೆಯಂಥ ಕಲೆ ತೋರಿಸಿದೆ. ಶಿವಣ್ಣ ಬಗ್ಗಿ ನೋಡಿದರು. ಆಮೇಲೆ ತಮ್ಮ ಬಲಗೈ ಬೆರಳು ಉಜ್ಜಿಕೊಳ್ಳತೊಡಗಿದರು.

"ನಂಗೂ ಹಿಂಗೇ ಜೋಮು ಸಾರ್. ದಿನಾ ಸಂಜೆ ತಮ್ಮನ ಕೈಲಿ ನೆಟಿಗೆ ತೆಗಿಸ್ಕೋತೀನಿ. ಡಾಕ್ಟ್ರ ಹತ್ರ ಹೋದ್ರೆ ಕತ್ತು ಕುಯ್ತಾರೆ ಅಂತ ಭಯ."

ಮುಂದೆಯೇ ಅವರ ರೇಜರ್ ಇತ್ತು. ಇಬ್ಬರೂ ಅದನ್ನು ನೋಡಿ ನಕ್ಕೆವು.

ಕೆಲವು ತಿಂಗಳ ನಂತರ ಹೋದಾಗ ಅವರ ಗಂಟಲ ಪಕ್ಕದಲ್ಲೂ ಅಂಥದೇ ಒಂದು ಚುಕ್ಕೆ ಇತ್ತು. ಕುರ್ಚಿಯಲ್ಲಿದ್ದ ಗಿರಾಕಿ ತಲೆ ಒಪ್ಪಿಸಿ, ಕಣ್ಣು ಮುಚ್ಚಿ ನೆಟಿಗೆಗೆ ಕಾಯುತ್ತಿದ್ದ. ಶಿವಣ್ಣ ಅವನ ಭುಜದ ಕೂದಲು ಕೊಡವಿ, ಮೆಲ್ಲಗೆ ಅಂದರು: "ಆಯ್ತು ಸಾರ್, ಎದ್ದೇಳಿ."