ಬೀಗತಿಯ ಸೆರಗು ಹುಡುಕಿ ಐದೂರು

ಸಂತೋಷದ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಒಳಗೆ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ. ನನ್ನ ಮೊಮ್ಮಗಳು ಭಾಗ್ಯಾ ಹೊಲಿದ ಚೀಲವನ್ನು ಅವಳ ತಾಯಿ, ಅಂದರೆ ನನ್ನ ಸೊಸೆ ಶಾಂತಾ, ನಿನ್ನೆ ಸಂಜೆ ಹೆಗಲಿಗೆ ಹಾಕಿಕೊಂಡಳು! ಒಂದು ಚೀಲಕ್ಕೆ ಇಷ್ಟು ಹಿಗ್ಗೇ ಎಂದು ನೀವು ಕೇಳಬಹುದು. ಆ ಚೀಲದ ಬಟ್ಟೆಗಾಗಿ ನಾವಿಬ್ಬರೂ ಎರಡು ದಿನ ಯಲಬುರ್ಗಾ, ಕುಷ್ಟಗಿ, ತಾವರಗೇರಾ, ಗಂಗಾವತಿ, ಕೊಪ್ಪಳ ಸುತ್ತಿ ಬಂದೆವು. ನಾನು ಕಲಿತದ್ದು ಮೂರನೆಯ ತರಗತಿ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ತಪ್ಪು ನನ್ನದೇ. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವ ಹುಲಿಗೆವ್ವ ನಮ್ಮ ತಳಕಲ್ಲಿಗೆ ತಿಂಗಳಿಗೊಮ್ಮೆ ಬರುತ್ತಾಳೆ. ಹೋದ ವಾರ ಅವಳು ಬಂದಾಗ ಮನೆಯಲ್ಲಿ ನಾನೊಬ್ಬಳೇ. ಹರಿದ ಲುಂಗಿ, ಬಣ್ಣಗೆಟ್ಟ ಅಂಗಿಗಳ ಜೊತೆಗೆ ಟ್ರಂಕಿನ ತಳದಲ್ಲಿದ್ದ ಹಳೆ ದಿಂಬಿನ ಚೀಲದ ಗಂಟೊಂದನ್ನು ಬಿಚ್ಚಿಯೂ ನೋಡದೆ ಅವಳ ಮುಂದೆ ಹಾಕಿದೆ. ಮುಚ್ಚಳವಿದ್ದ ಡಬರಿ ಸಿಕ್ಕಿತೆಂದು ಖುಷಿಪಟ್ಟೆ. ಆ ಗಂಟಿನಲ್ಲಿದ್ದದ್ದು ಶಾಂತಾಳ ತೀರಿಹೋದ ತಾಯಿಯ ಇಲಕಲ್ ಸೀರೆ ಎಂದು ತಿಳಿದದ್ದು ಸಂಜೆ, ಅವಳು ಅಂಗನವಾಡಿಯಿಂದ ಬಂದು ಟ್ರಂಕು ತೆರೆದಾಗ. ಅವಳು ಬೈಯಲಿಲ್ಲ. "ಡಬರಿ ಛಲೋ ಐತಿ ಬಿಡ್ರಿ, ಅತ್ತಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಅಂದಿನಿಂದ ನಮಗೆಲ್ಲ ನೀಡಿ, ತಾನು ಹಿಂದಿನಿಂದ ಒಬ್ಬಳೇ ಉಣ್ಣತೊಡಗಿದಳು. ಮದುವೆಯಾಗಿ ಬಂದಂದಿನಿಂದ ನನ್ನ ಪಕ್ಕದಲ್ಲಿ ಕೂತು ಉಂಡವಳು. ಎರಡು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಭಾಗ್ಯಾಳಿಗೆ ಹತ್ತೊಂಬತ್ತು ವರ್ಷ, ಹಳೆ ಸಾಮಾನಿನ ಹುಚ್ಚು. ಒಡೆದ ಬಳೆ ಅವಳ ಕೈಯಲ್ಲಿ ಕಿವಿಯೋಲೆಯಾಗುತ್ತದೆ, ಹರಿದ ಖಣದ ಕುಪ್ಪಸ ಕೂದಲಿನ ಕ್ಲಿಪ್ಪಾಗುತ್ತದೆ. "ಚಿಂದಿ ಆರಿಸೂದು ಬಿಟ್ಟು ಪುಸ್ತಕ ಹಿಡಿ" ಎಂದು ತಾಯಿ ದಿನಾ ಗದರುತ್ತಿದ್ದಳು. ಆದರೆ ಹಳೆ ಬಟ್ಟೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ. "ಅಜ್ಜಿ, ಹಳೇ ಅರಿವಿ ಸುಮ್ನ ಕೂಡಂಗಿಲ್ಲ, ಊರೂರು ತಿರಗತೈತಿ. ಏಳು, ಹುಡುಕೂಣು" ಎಂದಳು. ಗಂಗಾವತಿಯ ತಂಗಿಯ ಮನೆಗೆ ಹೋಗುತ್ತೇವೆಂದು ಶಾಂತಾಳಿಗೆ ಹೇಳಿದೆವು. ಸೀರೆ ಸಿಗದೆ ಹೋದರೆ ಅವಳು ಇನ್ನೊಮ್ಮೆ ನೊಂದುಕೊಳ್ಳುವುದು ಬೇಡವಾಗಿತ್ತು.

ಗುರುವಾರ ಬೆಳಗಿನ ಏಳರ ಬಸ್ಸು ಹತ್ತಿದೆವು. ಆಧಾರ್ ಕಾರ್ಡು ತೋರಿಸಿದರೆ ಹೆಣ್ಣುಮಕ್ಕಳಿಗೆ ಸೊನ್ನೆ ಬರೆದ ಟಿಕೀಟು ಕೊಡುತ್ತಾರೆ. ಹೊರಗೆ ಕೊರೆಯುವ ಚಳಿ. ಎರೆ ಹೊಲಗಳಲ್ಲಿ ಜೋಳ ತೆನೆ ಹಾಕಿ ನಿಂತಿತ್ತು. ಯಲಬುರ್ಗಾದಲ್ಲಿ ಹುಲಿಗೆವ್ವ ತನ್ನ ಮನೆಯ ಕಟ್ಟೆಯ ಮೇಲೆ ಪಾತ್ರೆ ಒರೆಸುತ್ತ ಕೂತಿದ್ದಳು. ನಮ್ಮನ್ನು ಕಂಡವಳೇ, "ಯಾಕವ್ವಾ, ಡಬರಿ ಸೋರಾಕ ಹತ್ತಿತೇನು?" ಎಂದಳು.

"ಡಬರಿಗೆ ಏನೂ ಆಗಿಲ್ಲ. ನನ್ನ ಸೊಸಿ ನನ್ನ ಕೂಡ ಉಣ್ಣಾಕ ಒಲ್ಲಳು" ಎಂದು ಎಲ್ಲವನ್ನೂ ಹೇಳಿದೆ.

ಅವಳು ಒರೆಸುವುದನ್ನು ನಿಲ್ಲಿಸಿದಳು. "ನಾ ಗಂಟು ಬಿಚ್ಚಿ ನೋಡಂಗಿಲ್ಲ ನಮ್ಮವ್ವಾ, ಎತ್ತಿ ತೂಕ ನೋಡ್ತೀನಿ ಅಷ್ಟ. ಎಲ್ಲಾ ಕುಷ್ಟಗಿ ರಾಜಾಸಾಬರ ಕಡೆ ಹೋಗ್ಯಾವ. ಚಾ ಕುಡದು ಹೋಗ್ರಿ." ಚಹಾ ಕುಡಿಸಿಯೇ ಕಳಿಸಿದಳು.

ಕುಷ್ಟಗಿಯ ದಾರಿಯಲ್ಲಿ ಕಪ್ಪು ಮಣ್ಣು ಹೋಗಿ ಕೆಂಪು ಮಣ್ಣು ಬಂತು. ಕಿಟಕಿಯ ಪಕ್ಕ ಕೂತು ಯೋಚಿಸಿದೆ. ಎಷ್ಟೋ ವರ್ಷದಿಂದ ಹಳೆ ಬಟ್ಟೆ ಕೊಟ್ಟು ಪಾತ್ರೆ ಇಸಿದುಕೊಂಡಿದ್ದೇನೆ. ನನ್ನ ಗಂಡನ ಧೋತರ, ಮಕ್ಕಳ ಅಂಗಿ ಎಲ್ಲವೂ ಹೋಗಿವೆ. ಅವು ಆಮೇಲೆ ಏನಾದವೆಂದು ಒಂದು ದಿನವೂ ಮನಸ್ಸಿಗೆ ಬಂದಿರಲಿಲ್ಲ.

ರಾಜಾಸಾಬರ ತಗಡಿನ ಶೆಡ್ಡು ಬಜಾರದ ಹಿಂದಿದೆ. ಒಳಗೆ ಬಟ್ಟೆಯ ಮೂರು ಗುಡ್ಡಗಳು. ಉಡಲು ಬರುವಂಥವು ಸಂತೆಗೆ, ಮೆತ್ತಗಿನ ಹತ್ತಿ ಬಟ್ಟೆ ಕೌದಿ ಹೊಲಿಯುವವರಿಗೆ, ಉಳಿದ ಚಿಂದಿ ಗ್ಯಾರೇಜಿಗೆ, ಎಣ್ಣೆ ಒರೆಸಲು. ಆ ಮೂರನೆಯ ಗುಡ್ಡದಲ್ಲಿ ಎಲ್ಲಿ ನಮ್ಮ ಸೀರೆ ಕಾಣುತ್ತದೋ ಎಂದು ಹೆದರುತ್ತ ನೋಡಿದೆ. ಭಾಗ್ಯಾ ಮಾತ್ರ ಜಾತ್ರೆಗೆ ಬಂದವಳ ಹಾಗೆ ಗುಡ್ಡಕ್ಕೆ ಕೈಹಾಕಿ ಹಳೆ ಕೋಟಿನ ಹಿತ್ತಾಳೆ ಗುಂಡಿ, ಮುತ್ತಿನ ಲೇಸು ಹೊರತೆಗೆಯುತ್ತಿದ್ದಳು. ರಾಜಾಸಾಬರು ನಕ್ಕರು. "ಅಮ್ಮಾರ, ಹುಡುಗಿಗೆ ಮಾಲಿನ ಕಣ್ಣು ಐತಿ. ನಮ್ಮ ಗೋದಾಮಿಗೆ ಬಿಟ್ಟು ಹೋಗ್ರಿ."

"ಬಿಡ್ತೀನಿ, ಮೊದಲ ನಮ್ಮ ಸೀರಿ ತೋರಸ್ರಿ. ಹಸರು ಮೈ, ಕೆಂಪು ಸೆರಗು, ಸೆರಗಿನ ಮೂಲ್ಯಾಗ ಕಸೂತಿ ಗೋಪುರ." ಬೀಗತಿ ಉಟ್ಟಾಗ ಕಂಡದ್ದನ್ನು ನೆನೆದು ಹೇಳಿದೆ.

ಅವರು ಕಣ್ಣುಮುಚ್ಚಿ ನೆನೆಸಿಕೊಂಡರು. "ಹಾಂ, ಗೋಪುರ! ತಾವರಗೇರಿ ದೇವಕ್ಕ ನಿನ್ನೆ ಒಯ್ದಾಳ, ಕೌದಿಗೆ. ಆಕಿ ಕತ್ತರಿ ಭಾಳ ಚುರುಕು, ಜಲ್ದಿ ಹೋಗ್ರಿ." ಗುಂಡಿಗಳಿಗೆ ದುಡ್ಡು ಬೇಡವೆಂದರು.

ಬಸ್‌ಸ್ಟ್ಯಾಂಡಿನಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ತೆಗೆದುಕೊಂಡೆವು. ಇಬ್ಬರಿಗೂ ಸೇರಿ ಎಂಬತ್ತು ರೂಪಾಯಿ. ನನ್ನ ಕಣ್ಣು ತಾವರಗೇರಾ ಬಸ್ಸಿನ ದಾರಿಯ ಮೇಲೇ ಇತ್ತು; ಮೊಮ್ಮಗಳು ನನ್ನ ಪಾಲನ್ನೂ ತಿಂದಳು. ತಾವರಗೇರಾ ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು.

ದೇವಕ್ಕ ನನಗಿಂತ ಹಿರಿಯಳು. ಅಂಗಳದಲ್ಲಿ ಕೌದಿ ಹಾಸಿಕೊಂಡು ಹೊಲಿಯುತ್ತಿದ್ದಳು. ನೋಡಿದ ಕೂಡಲೇ ಗುರುತು ಹತ್ತಿತು. ಹಸಿರು ಸೀರೆ ಗೇಣುಗೇಣಿನ ತುಂಡಾಗಿ, ಬೇರೆ ಬೇರೆ ಬಟ್ಟೆಗಳ ನಡುವೆ ಹೊಲಿಗೆಯಲ್ಲಿ ಕೂತಿತ್ತು. ನಾನು ಅಲ್ಲೇ ಕೂತೆ. ಭಾಗ್ಯಾ ವಿಷಯ ಹೇಳಿದಳು.

"ಬಿಚ್ಚು ಅಂದ್ರ ಬಿಚ್ಚತೀನಿ ತಂಗಿ," ದೇವಕ್ಕ ಮೆಲ್ಲಗೆ ಹೇಳಿದಳು, "ಆದ್ರ ಅದು ತಿರಗಿ ಸೀರಿ ಆಗಂಗಿಲ್ಲ. ಸೋಮವಾರ ಈ ಓಣ್ಯಾಗಿನ ಕೂಸಿನ್ನ ತೊಟ್ಟಿಲಕ್ಕ ಹಾಕ್ತಾರ, ಅದಕ್ಕ ಈ ಕೌದಿ. ಸೆರಗು ಇನ್ನಾ ಕತ್ತರಿಸಿಲ್ಲ, ನಡುವಿಗೆ ಅಂತ ಇಟ್ಟೀನಿ."

ಕೌದಿಯ ನಡುವಿನ ಚೌಕವನ್ನು ಹೊಟ್ಟೆ ಅನ್ನುತ್ತಾರೆ. ಅದನ್ನು ಕೊನೆಗೆ ಮುಚ್ಚುತ್ತಾರೆ. ಒಳಗೆ ಚಿಟಿಕೆ ಬೆಲ್ಲ, ನಾಲ್ಕು ಕಾಳು ಇಡುತ್ತಾರೆ. ಹಸಿದ ಕೌದಿಯ ಮೇಲೆ ಯಾರನ್ನೂ ಮಲಗಿಸಬಾರದು. ಆ ಸೆರಗು ನಮಗೆ ಬೇಕಾದರೆ ಹೊಟ್ಟೆಗೆ ಬೇರೆ ಬಟ್ಟೆ ಕೊಡಬೇಕು. ತಂಗಿಯ ಮನೆಯಲ್ಲಿ ಉಡಲೆಂದು ತಂದಿದ್ದ, ಮಗ ದೀಪಾವಳಿಗೆ ಕೊಡಿಸಿದ ಸೀರೆಯನ್ನು ಕೈಚೀಲದಿಂದ ತೆಗೆದು ಮುಂದೆ ಚಾಚಿದೆ. ಅದರ ಮಡಿಕೆಯನ್ನೂ ನಾನಿನ್ನೂ ಬಿಚ್ಚಿರಲಿಲ್ಲ.

ದೇವಕ್ಕ ಬೆರಳಲ್ಲಿ ಮುಟ್ಟಿ ನೋಡಿ ತಲೆಯಾಡಿಸಿದಳು. "ಹೊಸಾ ಅರಿವಿ ಕೂಸಿಗೆ ಆಗಂಗಿಲ್ಲ. ಉಟ್ಟೂ ಉಟ್ಟೂ ಮೆತ್ತಗ ಆಗಿರಬೇಕು, ನೀ ಈಗ ಉಟ್ಟೀಯಲ್ಲ, ಇಂಥಾದು."

ನಾನು ಎದ್ದು ಅವಳ ಮನೆಯೊಳಗೆ ಹೋಗಿ, ಮೈಮೇಲಿನ ಹಳೆ ನೂಲಿನ ಸೀರೆ ಬಿಚ್ಚಿ ಹೊಸದು ಉಟ್ಟು ಹೊರಬಂದೆ. ಹಳೆಯದು ಇನ್ನೂ ಬೆಚ್ಚಗಿತ್ತು, ಹಾಗೇ ಅವಳ ಕೈಗಿಟ್ಟೆ. ಭಾಗ್ಯಾ ಬಾಯಿಗೆ ಕೈಹಿಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. "ಅಜ್ಜಿ, ಇನ್ನ ನಾಕು ಊರು ತಿರಗಿದ್ರ ನಿನ್ನ ಗತಿ ಏನು?"

ದೇವಕ್ಕ ನನ್ನ ಸೀರೆಯಿಂದ ಒಂದು ಚೌಕ ಕತ್ತರಿಸಿ, ಬೆಲ್ಲ ಕಾಳು ಇಟ್ಟು, ಸೆರಗನ್ನು ಭಾಗ್ಯಾಳಿಗೆ, ಸೂಜಿಯನ್ನು ನನ್ನ ಕೈಗೇ ಕೊಟ್ಟಳು. ಕೊನೆಯ ಹೊಲಿಗೆ ನಾನು ಹಾಕಿದೆ. ನನ್ನ ಚೌಕದ ನಾಲ್ಕೂ ಕಡೆ ಬೀಗತಿಯ ಹಸಿರು ತುಂಡುಗಳು. ಬದುಕಿದ್ದಾಗ ನಾವಿಬ್ಬರೂ ಇಷ್ಟು ಹತ್ತಿರ ಕೂತಿದ್ದು ನೆನಪಿಲ್ಲ.

ಕಾಲುವೆ ಬಂತು, ಹಸಿರು ಗದ್ದೆ ಬಂತು, ಸಂಜೆ ಐದಕ್ಕೆ ಗಂಗಾವತಿ ಬಂತು. "ಏನಕ್ಕಾ, ನನ್ನ ಮನಿಗೆ ಬರಾಕ ಮದುಮಗಳಾಗಿ ಬಂದೀಯಲ್ಲ!" ಎಂದು ತಂಗಿ ಚೇಷ್ಟೆ ಮಾಡಿದಳು. ಮರುದಿನ ಬೆಳಿಗ್ಗೆ ಅಲ್ಲಿಯ ಗುಜರಿ ಅಂಗಡಿಯಲ್ಲಿ ಭಾಗ್ಯಾ ಒಂದು ತಾಸು ಕುಕ್ಕರಗಾಲಲ್ಲಿ ಕೂತು, ಮುರಿದ ತೊಟ್ಟಿಲಿನ ಎರಡು ಹಿತ್ತಾಳೆ ಬಳೆ, ಎತ್ತಿನ ಕೊರಳಪಟ್ಟಿಯೊಂದನ್ನು ಆರಿಸಿದಳು. ನೂರೈವತ್ತು ಹೇಳಿದವನು ನೂರಹತ್ತಕ್ಕೆ ಕೊಟ್ಟ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬಳೆಗಳು ಬಂಗಾರದ ಹಾಗೆ ಹೊಳೆದವು.

ತಂಗಿಯ ಹೊಲಿಗೆ ಯಂತ್ರದ ಮುಂದೆ ಸೆರಗು ಹಾಸಿ, ಕತ್ತರಿ ಹಿಡಿದು, ಭಾಗ್ಯಾ ಬಹಳ ಹೊತ್ತು ಕೂತಳು. ಕೊನೆಗೆ ಕತ್ತರಿ ಕೆಳಗಿಟ್ಟಳು. "ಇದಕ್ಕ ಇನ್ನ ಕತ್ತರಿ ಬ್ಯಾಡ ಅಜ್ಜಿ. ಮಡಚತೀನಿ." ಮೂರು ಪದರು ಮಡಚಿ, ಗೋಪುರ ಮುಂದಕ್ಕೆ ಬರುವಂತೆ ಮಾಡಿ, ಅಂಚು ಹೊಲಿದು, ಬಳೆಗಳಿಗೆ ಕೊರಳಪಟ್ಟಿಯನ್ನೇ ಹಿಡಿಕೆಯಾಗಿ ಏರಿಸಿದಳು. ಗೋದಾಮಿನ ಗುಂಡಿ ಬಾಯಿಗೆ ಕೂತಿತು. ಇಂಥ ಜಾಣೆ ನನ್ನ ಮೊಮ್ಮಗಳು ಎಂದು ಓಣಿಗೆಲ್ಲ ಕೂಗಿ ಹೇಳಬೇಕೆನಿಸಿತು. ತಂಗಿಯ ಎಡಬಲದ ಮನೆಗಳಿಗೆ ಹೇಳಿಯೂ ಬಂದೆ.

ಕೊಪ್ಪಳದಲ್ಲಿ ಬಸ್ಸು ಬದಲಿಸಿ ಊರು ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ದಾರಿಯುದ್ದಕ್ಕೂ ನನಗೆ ಹೆದರಿಕೆ. ತಾಯಿಯ ಸೀರೆ ಕಳೆದುಕೊಂಡವಳಿಗೆ ಚೀಲ ಕೊಟ್ಟರೆ ಏನಂದಾಳು?

ಶಾಂತಾ ರೊಟ್ಟಿ ಬಡಿಯುತ್ತಿದ್ದಳು. ಭಾಗ್ಯಾ ಚೀಲವನ್ನು ಅವಳ ಮುಂದಿಟ್ಟು ಹಿಂದೆ ಸರಿದಳು. ಶಾಂತಾಳ ಕೈ ನಿಂತಿತು. ಹಿಟ್ಟಿನ ಕೈ ಒರೆಸಿಕೊಂಡು ಗೋಪುರದ ಮೇಲೆ ಬೆರಳಾಡಿಸಿದಳು. ಕೌದಿಯ ವಿಷಯವನ್ನೂ ಮುಚ್ಚಿಡದೆ ಎಲ್ಲ ಹೇಳಿದೆ. ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು, ಯಾರೂ ತೆಗೆಯಲಿಲ್ಲ. ಅವಳು ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡಳು. "ಒಂಬತ್ತು ವರ್ಷ ಟ್ರಂಕಿನಾಗ ಇಟ್ಟಿದ್ದೆ. ಒಂದು ದಿನಾನೂ ಉಡಾಕ ಮನಸ್ಸಾಗಲಿಲ್ಲ" ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ನಾಳೆ ಅಂಗನವಾಡಿಗೆ ಇದ ಒಯ್ಯತೀನಿ" ಎಂದಳು.

ನನ್ನ ಮಗ ಹೊಲದಿಂದ ಬಂದ. ನಾವು ಮೂವರೂ ಊಟಕ್ಕೆ ಕೂತೆವು. ಶಾಂತಾ ಎಲ್ಲರಿಗೂ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ನೀಡಿ, ತನ್ನ ತಾಟನ್ನೂ ತಂದು ನನ್ನ ಪಕ್ಕದಲ್ಲಿ ಇಟ್ಟುಕೊಂಡಳು. ನಾನು ತಲೆ ಎತ್ತಲಿಲ್ಲ, ಎತ್ತಿದರೆ ಅಳು ಬರುತ್ತಿತ್ತು. ಎರಡು ತುತ್ತು ಉಂಡು ಅವಳೇ ಕೇಳಿದಳು.

"ಅತ್ತಿ, ಕೂಸು ಹೆಣ್ಣೋ, ಗಂಡೋ?"

"ಅಯ್ಯ, ಕೇಳೂದ ಮರತೆ."

"ಎರಡು ದಿನ ತಿರಗೀರಿ, ಅದನ್ನ ಕೇಳಲಿಲ್ಲ ನೋಡ್ರಿ!" ಎಂದು ನಕ್ಕಳು. "ಸೋಮವಾರ ರಜಾ ಹಾಕ್ತೀನಿ, ಹೋಗಿ ನೋಡಿ ಬರೂಣು. ನಮ್ಮವ್ವನ ಮ್ಯಾಲ ಮಲಗೂ ಕೂಸು ಅದು." ಹಾಗೆಂದು ತನ್ನ ತಾಟಿನ ಬಿಸಿ ರೊಟ್ಟಿಯನ್ನು ಮುರಿದು ಅರ್ಧ ನನ್ನ ತಾಟಿಗೆ ಹಾಕಿದಳು.